ಅಪ್ಪನ ನಂಬರ್ ಕೇಳಿದ ವೆಬ್‌ಸೈಟು

ಸಾತನೂರಿನ ಭಾನುಪ್ರಿಯ ರಾಮನಗರದಲ್ಲಿ ಅಂಗಡಿ, ಶಾಲೆ, ಕಲ್ಯಾಣಮಂಟಪಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಮನಸ್ಸು ಕುಗ್ಗಿದ ಹುಡುಗ ಹುಡುಗಿಯರು ಸಹಾಯ ಕೇಳಲು ಒಂದು ವೆಬ್‌ಸೈಟ್ ಬೇಕೆಂದು ಸಂಸ್ಥೆಯೊಂದು ಬಂದಾಗ, ಇಷ್ಟು ವರ್ಷಕ್ಕೆ ಒಂದು ಒಳ್ಳೆ ಕೆಲಸ ಸಿಕ್ಕಿತೆಂದು ಹಿಗ್ಗಿದಳು. ಅದು ಹೇಗಿರಬೇಕೆಂದು ಕನಕಪುರದ ಕಾಲೇಜೊಂದಕ್ಕೆ ಹೋಗಿ ಮಕ್ಕಳನ್ನೇ ಕೇಳಿದಳು.

ಉಯ್ಯಂಬಳ್ಳಿಯ ಅಮೂಲ್ಯ ಎಂಬ ಹುಡುಗಿ ಮೆಲ್ಲಗೆ ಹೇಳಿದಳು: "ಅಕ್ಕಾ, ಹೆಸ್ರು ಕೇಳ್ಬೇಡಿ. ಮನೇಲಿ ಗೊತ್ತಾದ್ರೆ ಹುಚ್ಚು ಅಂತಾರೆ, ಕಾಲೇಜು ಬುಡಿಸ್ತಾರೆ."

ಭಾನುಪ್ರಿಯ ಹಾಗೆಯೇ ಮಾಡಿದಳು. ಹೆಸರು, ನಂಬರು ಏನೂ ಬೇಡ. ಸಂಕಟ ಬರೆದರೆ ಸಾಕು, ಆಪ್ತಸಮಾಲೋಚಕರು ಉತ್ತರಿಸುತ್ತಾರೆ.

ಉದ್ಘಾಟನೆಗೆ ವಾರವಿದ್ದಾಗ ಸಂಸ್ಥೆಯ ಕಾರ್ಯದರ್ಶಿ ತಗಾದೆ ತೆಗೆದರು. "ನಾಳೆ ಏನಾದ್ರೂ ಆದ್ರೆ ನಮ್ಮ ತಲೆಗೆ ಬರುತ್ತಮ್ಮ. ಅಪ್ಪನ ನಂಬರ್ ಕೇಳಿ, ಅವರಿಗೊಂದು ಮೆಸೇಜ್ ಹೋಗಲಿ."

ಅವಳು ಎಷ್ಟೋ ವಾದಿಸಿದಳು.

"ನೀವು ಮಾಡದಿದ್ರೆ ಬೇರೆಯವರು ಮಾಡ್ತಾರೆ," ಎಂದರು ಕಾರ್ಯದರ್ಶಿ.

ಅವಳೇ ಮಾಡಿಕೊಟ್ಟಳು. ಅಮೂಲ್ಯಳಿಗೆ ಹೇಳಬೇಕು ಅಂದುಕೊಂಡವಳು, ಯಾವ ಮುಖ ಹೊತ್ತು ಹೇಳುವುದೆಂದು ಸುಮ್ಮನಾದಳು. ಅಪ್ಪನ ನಂಬರು ದಾಖಲೆಗೆ ಮಾತ್ರ ಎಂದು ವೆಬ್‌ಸೈಟಿನಲ್ಲಿ ಬರೆದಿತ್ತು. ಅಕ್ಕ ಮಾಡಿದ್ದಲ್ಲವೇ ಎಂದು ನಂಬಿ ಆ ಹುಡುಗಿ ಎಲ್ಲವನ್ನೂ ತುಂಬಿದಳು. ಮರುಗಳಿಗೆಯೇ ಅಪ್ಪನ ಫೋನಿಗೆ ಮೆಸೇಜ್ ಹೋಯಿತು.

ವಿಷಯ ತಿಳಿದು ಭಾನುಪ್ರಿಯ ಉಯ್ಯಂಬಳ್ಳಿಗೆ ಹೋಗುವಷ್ಟರಲ್ಲಿ ಅಮೂಲ್ಯಳ ಕಾಲೇಜು ಬಿಡಿಸಿ ತಿಂಗಳಾಗಿತ್ತು. ಹಸುವಿಗೆ ಹುಲ್ಲು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

"ನಿನ್ ಜೊತೆ ಒಸಿ ಮಾತಾಡ್ಬೇಕಿತ್ತು ಕಣಮ್ಮ."

"ಮಾತಾಡಿದ್ದು ಸಾಕು ಅಕ್ಕಾ," ಎಂದು ಹುಡುಗಿ ಕೊಟ್ಟಿಗೆಯೊಳಕ್ಕೆ ಹೋದಳು.