ಐದು ಮಂದಿಯ ಗಾಲ್ಫ್ ಲೀಗು

ಬಸವಕಲ್ಯಾಣದಲ್ಲಿ ಗಾಲ್ಫ್ ಆಡುತ್ತೇನೆಂದರೆ ನನ್ನ ಶಾಲೆಯ ಸಹೋದ್ಯೋಗಿಗಳು ಇಂದಿಗೂ ನಗುತ್ತಾರೆ. ತಪ್ಪು ಅವರದಲ್ಲ. ನಾರಾಯಣಪುರದ ದಾರಿಯಲ್ಲಿರುವ ನಮ್ಮ ಮೈದಾನದಲ್ಲಿ ಒಂದು ಎಸಳು ಹುಲ್ಲೂ ಇಲ್ಲ. ಕುಳಿಗಳೆಂದು ಕಲ್ಲುನೆಲದಲ್ಲಿ ಆರು ಡಬ್ಬಿ ಹೂತು, ಸುತ್ತ ಮರಳಿಗೆ ಟ್ರ್ಯಾಕ್ಟರಿನ ಹಳೆಯ ಎಣ್ಣೆ ಬೆರೆಸಿ ಒತ್ತಿದ್ದೇವೆ, ಅಷ್ಟೆ.

ಇದನ್ನು ಶುರು ಮಾಡಿದವರು ಸೇನೆಯಿಂದ ನಿವೃತ್ತರಾದ ಹವಾಲ್ದಾರರು. ಸೇನೆಯ ಕಂಟೋನ್ಮೆಂಟಿನಲ್ಲಿ ಕಲಿತ ಆಟವನ್ನು ಒಂದು ಚೀಲ ಹಳೆಯ ಕೋಲುಗಳ ಜೊತೆ ತಂದಿದ್ದರು. ಅವರಿಂದ ಕಲಿತವರು ನಾಲ್ವರು: ಗಣಿತದ ಮಾಸ್ತರನಾದ ನಾನು, ನಮ್ಮೂರಿನ ಒಬ್ಬ ವಕೀಲರು, ಹುಮನಾಬಾದಿನ ಔಷಧಿ ಅಂಗಡಿಯವರು ಮತ್ತು ಅಲ್ಲಿನ ದನದ ಡಾಕ್ಟರಮ್ಮ.

ಕಳೆದ ವರ್ಷ ತೊಗರಿ ಕೊಯ್ಲು ಮುಗಿದ ಮೇಲೆ ಹವಾಲ್ದಾರರಿಗೆ ಲೀಗ್ ಬೇಕೆನಿಸಿತು. ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಂಟು ಭಾನುವಾರ ಆಡೋಣ, ಕಡಿಮೆ ಹೊಡೆತಕ್ಕೆ ಹೆಚ್ಚು ಅಂಕ, ಕೊನೆಗೆ ಹೆಚ್ಚು ಅಂಕ ಬಂದವರು ಗೆದ್ದರು ಎಂದೆ.

"ಅದು ಹ್ಯಾಂಗ ಲೀಗ್ ಆಗ್ತದ್ರಿ ಮಾಸ್ತರ? ಪ್ಲೇಆಫ್ ಬೇಕು. ಟಿವ್ಯಾಗ ನೋಡಿಲ್ಲೇನು?" ಎಂದರು ಹವಾಲ್ದಾರರು.

ಸರಿ, ಮೊದಲ ನಾಲ್ವರಿಗೆ ಸೆಮಿಫೈನಲ್ ಎಂದು ಬರೆದೆ.

"ಇರೋದ ಐದು ಮಂದಿ," ಎಂದರು ಔಷಧಿ ಅಂಗಡಿಯವರು. "ಒಬ್ಬರನ್ನ ಹೊರಗ ಹಾಕಲಿಕ್ಕ ಇಷ್ಟೆಲ್ಲ ಯಾಕ್ರಿ?"

ಆ ಒಬ್ಬರು ಅವರೇ ಎಂಬುದು ನಮಗೆಲ್ಲ ಗೊತ್ತಿತ್ತು. ಅವರು ಬೀಸಿದರೆ ಚೆಂಡಿಗಿಂತ ಮಣ್ಣು ದೂರ ಹೋಗುತ್ತಿತ್ತು.

ಎಂಟು ಸುತ್ತಿನಲ್ಲಿ ಉತ್ತಮವಾದ ಐದು ಮಾತ್ರ ಲೆಕ್ಕಕ್ಕೆ ಎಂಬ ನಿಯಮವನ್ನೂ ಸೇರಿಸಿದೆ. ಪ್ರೋತ್ಸಾಹಕ್ಕಾಗಿ ಎಂದು ಹೇಳಿದೆನಾದರೂ, ಮೌಲ್ಯಮಾಪನದ ಕೆಲಸಕ್ಕೆ ಕಲಬುರಗಿಗೆ ಹೋಗಬೇಕಾಗುತ್ತದೆಂದು ನನಗೆ ಮೊದಲೇ ತಿಳಿದಿತ್ತು. ಕೊನೆಗೆ ಹಾಳೆಯಲ್ಲಿ ಜಾಗ ಉಳಿದಿತ್ತೆಂದು ಇನ್ನೊಂದು ಸಾಲು ಬರೆದೆ: ಅಂಕ ಸಮವಾದರೆ ಹೆಚ್ಚು ಭಾನುವಾರ ಆಡಿದವರು ಮುಂದೆ.

ಎಣಿಸಿದಂತೆಯೇ ನಾನು ಮೂರು ಭಾನುವಾರ ತಪ್ಪಿಸಿದೆ. ಔಷಧಿ ಅಂಗಡಿಯವರು ಒಂದನ್ನೂ ತಪ್ಪಿಸಲಿಲ್ಲ. ಅವರ ಅತಿ ಕೆಟ್ಟ ಮೂರು ಸುತ್ತುಗಳು ನನ್ನ ನಿಯಮದ ಕೃಪೆಯಿಂದ ಅಳಿಸಿಹೋದವು. ಆದರೂ ಕೊನೆಯ ಭಾನುವಾರ, ಕೆಲವು ಭಾನುವಾರ ನಾವು ಆಡುತ್ತಿದ್ದ ಹುಮನಾಬಾದಿನ ಬೀಳು ಹೊಲದಲ್ಲಿ, ನಾನು ಅವರನ್ನು ಎರಡು ಹೊಡೆತಗಳಿಂದ ಸೋಲಿಸಿದೆ. ಪಾಪ, ಎಷ್ಟು ಪ್ರಯತ್ನಪಟ್ಟರು ಎಂದು ಅವರ ಬೆನ್ನು ತಟ್ಟಿದೆ.

ಅಷ್ಟರಲ್ಲಿ ವಕೀಲರು ಜೇಬಿನಿಂದ ಹಾಳೆ ತೆಗೆದರು. "ಮಾಸ್ತರ, ನಿಮ್ಮಿಬ್ಬರ ಅಂಕ ಸಮ ಆಗ್ಯಾವ್ರಿ. ಕೊನೀ ಸಾಲು ಓದ್ಲಿ?"

ಐವರೂ ಆಡೋಣ, ಸ್ನೇಹಕ್ಕಾಗಿ ಆಡುವ ಆಟವಲ್ಲವೇ ಎಂದೆ.

"ನಿಮ್ಮ ನಿಯಮ ನಿಮಗ ಒಪ್ಪಿಗಿ ಇಲ್ಲೇನ್ರಿ?" ಎಂದರು ಡಾಕ್ಟರಮ್ಮ. ಎಂಟೂ ಭಾನುವಾರ ಆಡಿದ ಔಷಧಿ ಅಂಗಡಿಯವರು ನಾಲ್ಕನೆಯವರಾದರು, ಐದಕ್ಕೇ ನಿಂತ ನಾನು ಹೊರಗುಳಿದೆ. ಸೆಮಿಫೈನಲಿಗೆ ನನ್ನನ್ನು ತೀರ್ಪುಗಾರನನ್ನಾಗಿ ಮಾಡಿದರು.

ಮೊದಲನೆಯವರಾಗಿದ್ದ ಹವಾಲ್ದಾರರು ನಾಲ್ಕನೆಯವರ ಎದುರು ಆಡಬೇಕಿತ್ತು. ಔಷಧಿ ಅಂಗಡಿಯವರ ಕೊನೆಯ ಹೊಡೆತ ಕಲ್ಲಿಗೆ ಬಡಿದು, ಪುಟಿದು, ಡಬ್ಬಿಯೊಳಗೇ ಬಿತ್ತು. ಹವಾಲ್ದಾರರು ಸೋತರು.

"ಎಂಟು ವಾರ ನಾನ ಮೊದಲ ನಂಬರ್ ಇದ್ದೆ. ಒಂದು ಮುಂಜಾನಿಗೆ ಎಲ್ಲಾ ಹೋತೇನು? ಇದ್ಯಾವ ಇನ್ಸಾಫ್, ಇದ್ಯಾವ ನ್ಯಾಯ?"

"ಪ್ಲೇಆಫ್ ಅಂದ್ರ ಹಂಗೇ ರಿ," ಎಂದೆ. ಆ ಲೀಗಿನಲ್ಲಿ ನನಗೆ ಸಿಕ್ಕ ಏಕೈಕ ಸಂತೋಷ ಅದು.

ವಕೀಲರನ್ನು ಸೋಲಿಸಿ ಡಾಕ್ಟರಮ್ಮ ಫೈನಲಿಗೆ ಬಂದರು. ಮೂರನೆಯ ಕುಳಿಯ ಹೊತ್ತಿಗೆ, ಎಮ್ಮೆಯೊಂದಕ್ಕೆ ಈಯುವಾಗ ಕರು ಅಡ್ಡಲಾಗಿದೆಯೆಂದು ಅವರಿಗೆ ಫೋನ್ ಬಂತು. ಹೊರಟುಬಿಟ್ಟರು. ಗೆಲುವು ನಿಮ್ಮದೇ ಎಂದು ಔಷಧಿ ಅಂಗಡಿಯವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಹಾಳ್ಯಾಗ ಹಂಗ ಬರದಿಲ್ಲರಿ. ನಾ ಕೂಡ್ತೀನಿ." ಬಿಸಿಲಲ್ಲಿ ಎರಡು ತಾಸು ಕೂತರು. ಡಾಕ್ಟರಮ್ಮ ತೋಳು ಒದ್ದೆ ಮಾಡಿಕೊಂಡು ಮರಳಿದರು, ಕರು ಬದುಕಿತೆಂದರು, ಐದು ಹೊಡೆತಗಳ ಅಂತರದಿಂದ ಗೆದ್ದರು.

ಮುಂದಿನ ಭಾನುವಾರ ಲೀಗ್ ಇರಲಿಲ್ಲ. ಆದರೂ ಐವರೂ ಬಂದಿದ್ದೆವು. ಹವಾಲ್ದಾರರು ಮಾತ್ರ ಎರಡನೆಯ ಕುಳಿ ದಾಟುವವರೆಗೆ ನನ್ನೊಂದಿಗೆ ಮಾತಾಡಲಿಲ್ಲ.