ಬಾಯಲ್ಲಿರಬೇಕಾದ ರಿಟೇನರ್ ಬೆಳಿಗ್ಗೆ ಇರಲಿಲ್ಲ

"ಅಮ್ಮಾ, ರಿಟೇನರ್ ಬಾಯಲ್ಲಿಲ್ಲ!" ಮಗಳು ಹಾಸಿಗೆಯಿಂದಲೇ ಕೂಗಿದಳು. ಹಲ್ಲಿನ ಕ್ಲಿಪ್ ಬಿಚ್ಚಿಸಿದ ಮೇಲೆ ಸಾಲು ಮತ್ತೆ ಕೆಡದಿರಲೆಂದು ರಾತ್ರಿ ಹಾಕಿಕೊಂಡು ಮಲಗುವ, ತಂತಿ ಇರುವ ಪುಟ್ಟ ಅಚ್ಚು ಅದು. ದಿಂಬು, ಹೊದಿಕೆ ಎಲ್ಲ ಕೊಡವಿದೆ. ಮಂಚದ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಎಲ್ಲೂ ಇಲ್ಲ. ನಿದ್ದೆಯಲ್ಲಿ ನುಂಗಿಬಿಟ್ಟಳೇ? ಅವಳು ಗಂಟಲು ಮುಟ್ಟಿಕೊಂಡು, "ಇಲ್ಲೇನೋ ಚುಚ್ಚಿದ ಹಾಗಿದೆ" ಎಂದಾಗ ಯಜಮಾನರನ್ನು ಕೂಗಿದೆ. ಆಸ್ಪತ್ರೆಗೆ ಹೊರಡಲು ಅವರು ಸ್ಕೂಟರ್ ಸ್ಟಾರ್ಟ್ ಮಾಡಿಯೇಬಿಟ್ಟಿದ್ದರು.

ಅಷ್ಟರಲ್ಲಿ, ಮೊಮ್ಮಗಳ ಪಕ್ಕದಲ್ಲೇ ಮಲಗುವ ನನ್ನ ಅತ್ತೆ ಬಚ್ಚಲಿನಿಂದ ಬಂದರು. "ಅಯ್ಯೋ, ನಿದ್ದೇಲಿ ಅದು ಅರ್ಧ ಹೊರಗೆ ಬಂದಿತ್ತು ಕಣಮ್ಮ. ನುಂಗ್ಬುಟ್ಟಾಳು ಅಂತ ತೆಗ್ದು, ನನ್ ಹಲ್ಲಿನ ಜೊತೆ ನೀರಿಗೆ ಹಾಕ್ಬುಟ್ಟೆ. ರಾತ್ರಿ ತೆಗೆದಿಡ್ಬೇಕು ಅಂತ ಡಾಕ್ಟ್ರೇ ಹೇಳಿದ್ರಲ್ಲ!"

ವೈದ್ಯರು ಹಾಗೆ ಹೇಳಿದ್ದು ಅತ್ತೆಯ ಹಲ್ಲಿನ ಸೆಟ್ಟಿಗೆ. ಬಚ್ಚಲಿನ ಗೂಡಿನಲ್ಲಿದ್ದ ಅವರ ಬಟ್ಟಲಿನಲ್ಲಿ ಎರಡೂ ಒಟ್ಟಿಗೆ ಮುಳುಗಿದ್ದವು. ಸ್ಕೂಟರ್ ಆಫ್ ಮಾಡಿ ಎಂದು ಯಜಮಾನರಿಗೆ ಅಲ್ಲಿಂದಲೇ ಕೂಗಿ ಹೇಳಿದೆ.

ಆ ದಿಗಿಲು ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗಲೂ ಬೆಳಿಗ್ಗೆ ಮಗಳು ಕಣ್ಣು ಬಿಡುತ್ತಿದ್ದಂತೆ, "ಬಾಯಿ ತೆಗಿ" ಎನ್ನುತ್ತೇನೆ. ಪಕ್ಕದಲ್ಲಿ ಮಲಗಿರುವ ಅತ್ತೆಯೂ ತಮ್ಮ ಬೊಚ್ಚುಬಾಯಿ ಅಗಲಿಸಿ ತೋರಿಸುತ್ತಾರೆ.