ಪೊಂಚೆಗಾರ ಪ್ರುದೆನ್ಸಿಯೊನ ಒಂದು ಓಟು

ಪ್ರುದೆನ್ಸಿಯೊ ಎಂದರೆ ಅವರ ಭಾಷೆಯಲ್ಲಿ ವಿವೇಕಿ, ಹಿಂದೆಮುಂದೆ ನೋಡಿ ಮಾತಾಡುವವನು ಎಂದರ್ಥ. ಆ ಹೆಸರಿಡುವ ಹೊತ್ತಿಗೆ ಪಾದ್ರಿಗಳಿಗೆ ತೂಕಡಿಕೆ ಬಂದಿತ್ತೋ ಏನೋ. ಕ್ಯೂಬಾದ ಸಾಂತಾ ರುಫೀನ ಊರಿನಲ್ಲಿ ದೊಡ್ಡ ಗಂಟಲಿನವು ಎರಡೇ: ಒಂದು ಸಕ್ಕರೆ ಗಿರಣಿಯ ಸಿಳ್ಳೆ, ಇನ್ನೊಂದು ಈ ಪ್ರುದೆನ್ಸಿಯೊ. ಸಿಳ್ಳೆಯಾದರೂ ಪಾಳಿ ಬದಲಾಗುವಾಗ ಮಾತ್ರ ಕೂಗುತ್ತಿತ್ತು.

ಅವನ ಅಪ್ಪ ನಾರ್ಸಿಸೊ ಬೇಸ್‌ಬಾಲ್ ಮೈದಾನದಲ್ಲಿ ಹುರಿದ ಕಡಲೆಕಾಯಿ ಮಾರುತ್ತಿದ್ದ. ಕಡಲೆಕಾಯಿ ಮಾರುವವನು ಕೊಳ್ಳುವವರ ಕಡೆ ಮುಖ ಮಾಡಿ ನಿಲ್ಲಬೇಕು, ಕೊಳ್ಳುವವರು ಆಟದ ಕಡೆ ಮುಖ ಮಾಡಿ ಕೂತಿರುತ್ತಾರೆ. ಹೀಗಾಗಿ ಊರಿನಲ್ಲಿ ನಡೆದ ಅಷ್ಟೂ ಆಟಗಳಿಗೆ ಹೋದ ನಾರ್ಸಿಸೊ ಒಂದನ್ನೂ ನೋಡಿರಲಿಲ್ಲ. ಒಂದೇ ಒಂದು ಭಾನುವಾರ ಬುಟ್ಟಿಯನ್ನು ಮನೆಯಲ್ಲಿ ಬಿಟ್ಟು, ಐದು ವರ್ಷದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ಗಿರಣಿ ತಂಡದ ಎಸೆಗಾರ ನಿಕನೋರನ ಆಟ ನೋಡಲೆಂದೇ ಹೋದ. ಈ ನಿಕನೋರನಿಗೆ ಊರವರು ಪ್ರೀತಿಯಿಂದ ಇಟ್ಟ ಹೆಸರು ಹೇಸರಗತ್ತೆ. ಅವತ್ತು ಹೇಸರಗತ್ತೆ ಎಸೆದ ಒಂದು ಚೆಂಡು ನಡುದಾರಿಯಲ್ಲಿ, ಗಾಳಿಯಲ್ಲಿ, ಒಂದು ಗಳಿಗೆ ನಿಂತಿತಂತೆ. ಬ್ಯಾಟುಗಾರ ಬೀಸಿ, ಸುತ್ತು ತಿರುಗಿ, ಬಿದ್ದು, ಎದ್ದು ಚಡ್ಡಿ ಕೊಡವಿಕೊಳ್ಳುವಾಗ ಚೆಂಡು ಮೆಲ್ಲಗೆ ಹೊರಟು, ಹಿಂದೆ ಕೂತು ಚೆಂಡು ಹಿಡಿಯುವವನ ಕೈಗವಸನ್ನು ಸೇರಿತಂತೆ. ನಾರ್ಸಿಸೊ ಇದನ್ನು ಸಾಯುವವರೆಗೂ ಹೇಳಿದ, ಕಡಲೆಕಾಯಿಯ ಪೊಟ್ಟಣದ ಜೊತೆ ಬಿಟ್ಟಿಯಾಗಿ ಹಂಚಿದ.

ಅಪ್ಪನ ಮಾತನ್ನು ಉಳಿಸುವುದೇ ಪ್ರುದೆನ್ಸಿಯೊನ ಬದುಕಿನ ಕೆಲಸವಾಯಿತು. ಹೊಟ್ಟೆಪಾಡಿಗೆ ಮಾತ್ರ ಬೇರೆ ಕೆಲಸವಿತ್ತು. ಆಟವಾಡಲು ಅವನು ಲಾಯಕ್ಕಿರಲಿಲ್ಲ. ಹುಡುಗನಾಗಿದ್ದಾಗ ಒಮ್ಮೆ ಎಸೆಯಲು ಕೊಟ್ಟರೆ ಚೆಂಡು ಹಿಂದಕ್ಕೆ ಹೋಗಿ ಪಾದ್ರಿಗಳ ಮೇಕೆಯ ಕೊಂಬಿಗೆ ತಗುಲಿತು. ಆಮೇಲೆ ಯಾರೂ ಅವನ ಕೈಗೆ ಚೆಂಡು ಕೊಡಲಿಲ್ಲ, ಮೇಕೆಯೂ ಅವನನ್ನು ಕಂಡರೆ ದಾರಿ ಬದಲಿಸುತ್ತಿತ್ತು. ಅವನು ಟೈರಿನ ಪಂಕ್ಚರ್ ಅಂಗಡಿ ಇಟ್ಟ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಅಲ್ಲಿ ಪಂಕ್ಚರ್‌ಗೆ ಪೊಂಚೆ ಎನ್ನುತ್ತಾರೆ. ಬ್ಯಾಟುಗಾರ ಮೂರು ಸಲ ತಪ್ಪಿ ಔಟಾದರೆ ಅದಕ್ಕೂ ಪೊಂಚೆ ಎನ್ನುತ್ತಾರೆ. ಎಸೆಗಾರ ಪೊಂಚೆ ಹಾಕುತ್ತಾನೆ, ಪ್ರುದೆನ್ಸಿಯೊನೂ ಪೊಂಚೆ ಹಾಕುತ್ತಾನೆ. ಅವನ ಅಂಗಡಿಯ ಹಲಗೆಯ ಮೇಲೆ 'ಇಲ್ಲಿ ಪೊಂಚೆ ಹಾಕಲಾಗುವುದು' ಎಂದಿತ್ತು. ಕೆಳಗೆ ಯಾವನೋ ತುಂಟ 'ಮೇಕೆಗಳಿಗೆ ಪ್ರವೇಶವಿಲ್ಲ' ಎಂದು ಇದ್ದಿಲಿನಲ್ಲಿ ಗೀಚಿದ್ದ.

ಪೆಟ್ರೋಲ್ ಇಲ್ಲದೆ ಬಸ್ಸುಗಳೆಲ್ಲ ನಿಂತು, ದೇಶಕ್ಕೆ ದೇಶವೇ ಚೀನಾ ಸೈಕಲ್ ಹತ್ತಿದ ತೊಂಬತ್ತರ ದಶಕದ ಆ ವರ್ಷಗಳಲ್ಲಿ ಪ್ರುದೆನ್ಸಿಯೊನಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಡಾಕ್ಟರು, ಪೊಲೀಸು, ಮದುಮಗಳು, ಎಲ್ಲರೂ ಅವನ ನೀರಿನ ಬೋಗುಣಿಯ ಮುಂದೆ ಸಾಲುಗಟ್ಟಿ ನಿಂತು ತಮ್ಮ ಟ್ಯೂಬಿನಿಂದ ಗುಳ್ಳೆ ಏಳುವುದನ್ನು ಕಾಯುತ್ತಿದ್ದರು. ಕರೆಂಟು ಬಂದರೆ ಹಬ್ಬ, ಕಾಫಿಯಲ್ಲಿ ಅರ್ಧ ಹುರಿದ ಬಟಾಣಿ ಪುಡಿ. ಊರಿನಲ್ಲಿ ಧಾರಾಳವಾಗಿ ಸಿಗುತ್ತಿದ್ದದ್ದು ವಾದವೊಂದೇ.

ವಾದ ನಡೆಯುತ್ತಿದ್ದದ್ದು ಪಾರ್ಕಿನ ಬಾದಾಮಿ ಮರದ ಕೆಳಗೆ. ಅದಕ್ಕೆ ಬಿಸಿ ಮೂಲೆ ಎಂದು ಹೆಸರು. ವಿಷಯ ಯಾವಾಗಲೂ ಒಂದೇ: ಊರಿನ ಎಸೆಗಾರರಲ್ಲಿ ಎಲ್ಲ ಕಾಲಕ್ಕೂ ದೊಡ್ಡವನು ಯಾರು? ಕ್ಷೌರಿಕ ಆರ್ಸೇನಿಯೊ ಮತ್ತು ಅವನ ಕಡೆಯವರಿಗೆ ಅರವತ್ತರ ದಶಕದ ಎಡಚ ಬೆನಿಗ್ನೊ. ಕಬ್ಬಿನ ರೈಲು ಓಡಿಸುವ ಒನೇಲಿಯೊ ಮತ್ತು ಅವನ ಕಡೆಯವರಿಗೆ ಮೊನ್ನೆಮೊನ್ನೆಯ ಉದ್ದಕಾಲಿನ ಓಸ್ವಾಲ್ಡೊ. ಹಳೆಯ ಹೇಸರಗತ್ತೆಯ ಪರ ಪ್ರುದೆನ್ಸಿಯೊ ಒಬ್ಬನೇ.

"ಎಡಚ ಎಸೆದ ಚೆಂಡು ಕಣ್ಣಿಗೇ ಕಾಣ್ತಿರ್ಲಿಲ್ಲ ಕಣೋ!" ಎನ್ನುತ್ತಿದ್ದ ಆರ್ಸೇನಿಯೊ.

"ನಿನ್ ಕಣ್ಣಿಗೆ ಗಿರಾಕಿ ಕಿವೀನೂ ಕಾಣಲ್ಲ. ಪಾಪ, ಅರ್ಧ ಊರು ಬ್ಯಾಂಡೇಜ್ ಕಟ್ಕೊಂಡು ಓಡಾಡ್ತಿದೆ," ಎನ್ನುತ್ತಿದ್ದ ಒನೇಲಿಯೊ.

"ಕಾಣದೇ ಇರೋದು ಯಾವ ಮಹಾ?" ಎಂದು ಪ್ರುದೆನ್ಸಿಯೊ ಎದ್ದು ನಿಲ್ಲುತ್ತಿದ್ದ. "ನಿಕನೋರ್ ಚೆಂಡು ಕಾಣ್ತಿತ್ತು! ನಿಂತ್ಕೊಂಡು, ನೋಡ್ಕೋ ಮಗನೇ ಅಂತ ಕಾಣಿಸ್ಕೊಂಡು ಹೋಗ್ತಿತ್ತು!"

ಈ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಮನುಷ್ಯ ಕಾನೂನು ಮಾಡುತ್ತಾನೆ. ಆರ್ಸೇನಿಯೊ ಮಾಡಿದ: ಊರಿನ ಮೈದಾನದಲ್ಲಿ ಒಂದಾದರೂ ಪೊಂಚೆ ಹಾಕಿದವನಿಗೆ, ಇಲ್ಲವೇ ಹಾಕಿಸಿಕೊಂಡವನಿಗೆ ಮಾತ್ರ ಬಿಸಿ ಮೂಲೆಯಲ್ಲಿ ಓಟು. ಉಳಿದವರು ಬೇಕಾದರೆ ಕೂಗಬಹುದು. ಊರಿನ ಗಂಡಸರೆಲ್ಲ ಎಂದಾದರೊಂದು ದಿನ ಬ್ಯಾಟು ಹಿಡಿದು ಔಟಾದವರೇ. ಓಟಿಲ್ಲದವನು ಪ್ರುದೆನ್ಸಿಯೊ ಒಬ್ಬನೇ ಆದ. ಅದಕ್ಕೇ ಆ ಕಾನೂನು ಎಂಬುದು ಮೇಕೆಗೂ ಗೊತ್ತಿತ್ತು.

ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ, ಆದರೆ ಪ್ರಾಂತದ ರೇಡಿಯೊದವರು ಒಂದು ಕಾರ್ಯಕ್ರಮ ಶುರುಮಾಡಿದರು. ಪ್ರತಿ ಊರೂ ತನ್ನ ಮಹಾ ಎಸೆಗಾರನನ್ನು ಆರಿಸಬೇಕು. ಓಟು ಬಿದ್ದವರ ಹೆಸರುಗಳನ್ನಷ್ಟೇ ರೇಡಿಯೊದಲ್ಲಿ ಓದುತ್ತಾರೆ. ಗೆದ್ದವನ ಹೆಸರನ್ನು ಮೈದಾನದ ಗೋಡೆಯ ಮೇಲೆ ಬರೆಸುತ್ತಾರೆ. ಸಾಂತಾ ರುಫೀನದ ಸರದಿ ಮುಂದಿನ ಭಾನುವಾರ, ಪಕ್ಕದೂರಿನವರ ಜೊತೆಗಿನ ಪಂದ್ಯಕ್ಕೆ ಮೊದಲು.

ಪ್ರುದೆನ್ಸಿಯೊನಿಗೆ ಊಟ ಸೇರಲಿಲ್ಲ. ಕರಿದ ಬಾಳೆಕಾಯಿ ತಟ್ಟೆಯಲ್ಲೇ ಆರಿತು.

"ಏ ಮುದುಕ, ಗೆಲ್ಲಲ್ಲ ಅಂತ ಗೊತ್ತಿದ್ದೂ ಯಾಕಿಷ್ಟು ಒದ್ದಾಡ್ತೀಯ?" ಎಂದಳು ಹೆಂಡತಿ ನೊಯೇಲಿಯಾ.

"ಗೆಲ್ಲೋದು ಹಾಳಾಗ್ಲಿ. ಹೆಸರಾದ್ರೂ ಓದ್ಬೇಕಲ್ಲ! ಒಂದೇ ಒಂದು ಓಟು ಸಾಕು ನಂಗೆ. ಅದೂ ಇಲ್ದೇ ಹೋದ್ರೆ ಅಪ್ಪ ಹೇಳಿದ್ದೆಲ್ಲ ಸುಳ್ಳು ಅಂತ ಆಗುತ್ತೆ."

"ಹೋಗಿ ಆರ್ಸೇನಿಯೊನ್ನ ಕೇಳು, ಒಂದ್ಸಲ ಬ್ಯಾಟ್ ಹಿಡಿಯೋಕೆ ಬಿಡ್ಲಿ. ಔಟಾಗೋಕೇನು, ನಿಂಗೆ ಕಲಿಸಿಕೊಡ್ಬೇಕಾ?"

ಕೇಳಿದ. ಆರ್ಸೇನಿಯೊ ಗಿರಾಕಿಯ ಗಲ್ಲಕ್ಕೆ ನೊರೆ ಬಳಿಯುತ್ತಾ, "ನಮ್ ಮೇಕೆಗಳಿಗೆಲ್ಲ ಯಾರಪ್ಪ ಜವಾಬ್ದಾರಿ?" ಎಂದ. ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು.

ಭಾನುವಾರ ಬಂತು. ಮೈದಾನ ತುಂಬಿತ್ತು. ರೇಡಿಯೊದಿಂದ ಬೆಲ್ಕಿಸ್ ಎಂಬ ಹೆಂಗಸು ಮೈಕು ಹಿಡಿದು, ತುಟಿಗೆ ಕೆಂಪು ಹಚ್ಚಿ ಸಿದ್ಧಳಾಗಿದ್ದಳು. ಪಕ್ಕದೂರಿನ ತಂಡ ಹಳೆಯ ರಷ್ಯನ್ ಲಾರಿಯಲ್ಲಿ ನಿಂತುಕೊಂಡು ಬಂದಿತು. ಡ್ರೈವರ್‌ಗೆ ಸ್ವಲ್ಪ ಜಂಬ. ಗೇಟಿನ ಹತ್ತಿರ ನಿಲ್ಲಿಸದೆ, ಜನ ನೋಡಲಿ ಎಂದು ಮೈದಾನದ ನಡುವೆಯೇ ಒಂದು ಸುತ್ತು ಹೊಡೆದ. ಎಸೆಗಾರ ನಿಲ್ಲುವ ದಿಬ್ಬದ ಮೇಲೆ ಚಕ್ರ ಹತ್ತಿದ್ದೇ ತಡ, ಢಂ ಎಂದಿತು. ಲಾರಿ ಒಂದು ಕಡೆ ವಾಲಿ ದಿಬ್ಬದ ಮೇಲೇ ಕೂತಿತು.

ದಿಬ್ಬದ ಮೇಲೆ ಕಾಲೂರಲು ಹಳೆಯ ಟೈರಿನ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ತುಂಡು ಕೊಟ್ಟಿದ್ದು ಪ್ರುದೆನ್ಸಿಯೊ, ಮೊಳೆ ಹೊಡೆದಿದ್ದೂ ಅವನೇ. ಅದರಲ್ಲಿ ಒಂದು ಮೊಳೆ ಯಾಕೆ ಅಷ್ಟು ಎದ್ದಿತ್ತು ಎಂಬ ಬಗ್ಗೆ ನಾನು ಆಣೆ ಪ್ರಮಾಣ ಮಾಡುವುದಿಲ್ಲ.

ದಿಬ್ಬದ ಮೇಲೆ ಲಾರಿ ಇರುವಾಗ ಆಟವೆಲ್ಲಿಂದ ಬಂತು? ಎಲ್ಲರೂ ಪ್ರುದೆನ್ಸಿಯೊನ ಕಡೆ ತಿರುಗಿದರು. ಅವನು ಬೋಗುಣಿ, ಸಲಾಕೆ, ಅರ, ಅಂಟು, ಪಂಪು ಎಲ್ಲವನ್ನೂ ಹೊತ್ತುಕೊಂಡು, ಮದುವೆಗೆ ಹೊರಟವನ ಹಾಗೆ ದಿಬ್ಬ ಹತ್ತಿದ. ಬೆಲ್ಕಿಸ್‌ಗೆ ದಿಕ್ಕು ತೋಚಲಿಲ್ಲ. ನೇರ ಪ್ರಸಾರ ಶುರುವಾಗಿಬಿಟ್ಟಿತ್ತು. ಬೇರೇನೂ ಇಲ್ಲದ್ದಕ್ಕೆ ಅದನ್ನೇ ವರ್ಣಿಸತೊಡಗಿದಳು.

"ಕೇಳುಗರೇ, ಟ್ಯೂಬು ಹೊರಗೆ ಬಂದಿದೆ... ನೀರಿಗೆ ಇಳಿಸ್ತಿದ್ದಾರೆ... ಗುಳ್ಳೆ ಇಲ್ಲ... ಇನ್ನೂ ಇಲ್ಲ... ಬಂತು! ಗುಳ್ಳೆ ಬಂತು!"

ಮೈದಾನ ಹುಚ್ಚೆದ್ದು ಕೂಗಿತು. ಪ್ರುದೆನ್ಸಿಯೊ ಅರದಿಂದ ಉಜ್ಜಿದ, ಅಂಟು ಬಳಿದು ಊದಿದ, ತೇಪೆ ಒತ್ತಿದ. ಎರಡೂ ತಂಡದವರು ಸರದಿಯ ಮೇಲೆ ಪಂಪು ಹೊಡೆದು ಪಂದ್ಯಕ್ಕೆ ಮೊದಲೇ ಬೆವತು ಹೋದರು. ತೇಪೆ ಹಿಡಿಯಿತು, ಚಕ್ರ ಎದ್ದು ನಿಂತಿತು. ಇಷ್ಟೂ ಹೊತ್ತು ಬಗ್ಗಿ ನೋಡುತ್ತಿದ್ದ ಅಂಪೈರ್ ಸಿಲ್ವೇರಿಯೊ, ಹುಟ್ಟಿದಾಗಿನ ಅಭ್ಯಾಸಬಲದಿಂದ, ಬಲಗೈ ಮೇಲೆತ್ತಿ ಗಂಟಲು ಹರಿಯುವಂತೆ ಕೂಗಿದ:

"ಪೊಂಚೆ!"

ಪ್ರುದೆನ್ಸಿಯೊ ಬೋಗುಣಿ ಕೆಳಗಿಟ್ಟ. "ಕೇಳಿಸ್ಕೊಂಡ್ರಾ? ಊರಿನ ಮೈದಾನ. ಅದರಲ್ಲೂ ದಿಬ್ಬದ ಮೇಲೆ. ಅಂಪೈರೇ ಕೂಗಿದ್ದಾನೆ. ಹಾಕಿದೀನೋ ಇಲ್ವೋ?"

"ಅದು ಟೈರಿಗೆ ಹಾಕಿದ್ದು ಕಣೋ!" ಎಂದು ಆರ್ಸೇನಿಯೊ ಕಿರುಚಿದ.

"ನೀನು ಕಾನೂನು ಮಾಡೋವಾಗ ಯಾರಿಗೆ ಅಂತ ಹೇಳಿದ್ಯಾ? ಪೊಂಚೆ ಅಂದೆ. ಹಾಕಿದೆ."

ಎಲ್ಲರೂ ಸಿಲ್ವೇರಿಯೊನ ಮುಖ ನೋಡಿದರು. ಅವನು ತಪ್ಪೋ ಒಪ್ಪೋ, ಒಮ್ಮೆ ಕೊಟ್ಟ ತೀರ್ಪನ್ನು ಜನ್ಮದಲ್ಲಿ ಹಿಂತೆಗೆದುಕೊಂಡವನಲ್ಲ. "ಕೈ ಎತ್ತಾಯ್ತು. ಎತ್ತಿದ್ದು ಎತ್ತಿದ್ದೇ," ಎಂದ.

ಓಟು ಶುರುವಾಯಿತು. ಎಡಚನಿಗೂ ಉದ್ದಕಾಲಿನವನಿಗೂ ಸಮಸಮ ಬಿದ್ದವು. ಉಳಿದದ್ದು ಪ್ರುದೆನ್ಸಿಯೊನದು. ಎಂದೂ ಇಲ್ಲದ ಮರ್ಯಾದೆ ಒಮ್ಮೆಲೇ ಉಕ್ಕಿತು. ಆರ್ಸೇನಿಯೊ ಜೀವನಪೂರ್ತಿ ಬಿಟ್ಟಿ ಕ್ಷೌರ ಎಂದ. ಕಿವಿಯ ಮೇಲಿನ ಆಸೆಗೆ ಪ್ರುದೆನ್ಸಿಯೊ ಬೇಡವೆಂದ. ಒನೇಲಿಯೊ ರೈಲಿನ ಸಿಳ್ಳೆ ಊದಲು ಬಿಡುತ್ತೇನೆ ಎಂದ. ಇದಕ್ಕೆ ಮಾತ್ರ ಮನಸ್ಸು ಸ್ವಲ್ಪ ಅಲುಗಿತು.

"ನಿಕನೋರ್," ಎಂದ ಪ್ರುದೆನ್ಸಿಯೊ ಮೈಕಿಗೆ. "ಹೇಸರಗತ್ತೆ ನಿಕನೋರ್. ಒಂದು ಓಟು."

"ಅವರ ಆಟ ಕಣ್ಣಾರೆ ನೋಡಿದೀರಾ?" ಎಂದು ಕೇಳಿದಳು ಬೆಲ್ಕಿಸ್.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಬೇಕಾದದ್ದು ಸಿಕ್ಕಿದ ಖುಷಿಯಲ್ಲಿ ಅವನ ಎದೆಯಲ್ಲಿದ್ದದ್ದು ಹೊರಗೆ ಬಂದುಬಿಟ್ಟಿತು. "ನಾನು ನೋಡಿದೀನಿ. ಅಪ್ಪ ನೋಡ್ಲಿಲ್ಲ ಕಣಮ್ಮ. ಜೀವಮಾನದಲ್ಲಿ ಒಂದೇ ಆಟ ನೋಡೋಕೆ ಬಂದಿದ್ದ. ನನ್ನನ್ನ ತನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ದ. ನಂಗೆ ಬೀಳ್ತೀನಿ ಅಂತ ಭಯ. ಎರಡೂ ಕೈಯಲ್ಲಿ ಅವನ ಕಣ್ಣು ಮುಚ್ಚಿ ಹಿಡ್ಕೊಂಡಿದ್ದೆ. ಕೈ ತೆಗೆದ್ರೆ ಅಳ್ತಿದ್ದೆ. ಅವನು ಆಟ ಮುಗಿಯೋವರೆಗೂ, ಏನಾಯ್ತು ಮಗಾ, ಏನಾಯ್ತು ಅಂತ ಕೇಳ್ತಾ ನಿಂತಿದ್ದ. ನಂಗೆ ಆಟ ಎಲ್ಲಿ ಗೊತ್ತಾಗ್ಬೇಕು? ಚೆಂಡು ಗಾಳೀಲಿ ನಿಂತಿದೆ ಅಪ್ಪಾ ಅಂದೆ."

"ಹಂಗಾದ್ರೆ ನಿಂತಿದ್ದು ಏನು?" ಎಂದ ಆರ್ಸೇನಿಯೊ.

"ಪಾರಿವಾಳ ಇರ್ಬೇಕು."

ಈಗ ನಗು ಸಿಡಿಯುತ್ತದೆ ಎಂದು ಪ್ರುದೆನ್ಸಿಯೊ ತಲೆ ತಗ್ಗಿಸಿದ. ಸಿಡಿಯಲಿಲ್ಲ. ಆರ್ಸೇನಿಯೊನ ಮುಖ ನೊರೆಯಷ್ಟು ಬೆಳ್ಳಗಾಗಿತ್ತು. ಅವನ ಅಪ್ಪನೂ ಕ್ಷೌರಿಕನೇ. ಆ ಚೆಂಡು ನಿಂತದ್ದನ್ನು ತಾನು ಬಲೆಯ ಹಿಂದೆ ಕೂತು ನೋಡಿದೆ ಎಂದು ಗಿರಾಕಿಗಳ ಕತ್ತಿಗೆ ಕತ್ತಿ ಹಿಡಿದು ಹೇಳುತ್ತಿದ್ದ. ಒನೇಲಿಯೊನ ಅಪ್ಪ ಸಂತ ಲಾಸರನ ಮೇಲೆ ಆಣೆ ಇಟ್ಟು, ಚೆಂಡು ಎಷ್ಟು ಎತ್ತರದಲ್ಲಿ ನಿಂತಿತ್ತು ಎಂದು ಕೈಯಿಂದ ತೋರಿಸುತ್ತಿದ್ದ. ಕಡಲೆಕಾಯಿ ತಿಂದ ಮನೆಯ ಹಿರಿಯರೆಲ್ಲ ಅಂದು ಅಲ್ಲಿದ್ದವರೇ, ಕಣ್ಣಾರೆ ಕಂಡವರೇ.

"ನಮ್ಮಪ್ಪ ಸುಳ್ಳು ಹೇಳ್ತಿದ್ನಾ?" ಎಂದ ಆರ್ಸೇನಿಯೊ ಮೆಲ್ಲಗೆ. ಆಮೇಲೆ ದೊಡ್ಡ ದನಿಯಲ್ಲಿ, "ನಮ್ಮಪ್ಪ ಸುಳ್ಳು ಹೇಳೋ ಮನುಷ್ಯ ಅಲ್ಲ! ನನ್ನ ಓಟು ಬದಲಾಯಿಸ್ಕೊಳಿ. ನಿಕನೋರ್!"

"ನಮ್ಮಪ್ಪ ಏನು ಕಮ್ಮೀನಾ? ನಂದೂ ನಿಕನೋರ್!" ಎಂದ ಒನೇಲಿಯೊ.

"ಅಯ್ಯೋ, ಪಾರಿವಾಳ ಕಣ್ರೋ ಅದು!" ಎಂದು ಪ್ರುದೆನ್ಸಿಯೊ ಎರಡೂ ಕೈ ಆಡಿಸಿದ.

"ನೀನು ಬಾಯ್ಮುಚ್ಚು! ಐದು ವರ್ಷದ ಚೋಟು, ನಿಂಗೇನೋ ಗೊತ್ತು ಆಟ?" ಎಂದು ಇಡೀ ಬಿಸಿ ಮೂಲೆ ಅವನ ಮೇಲೆ ಏರಿ ಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ತಮ್ಮತಮ್ಮ ಅಪ್ಪನ ಮಾನ ಕಾಪಾಡಿದರು. ಎಡಚನಿಗೂ ಉದ್ದಕಾಲಿನವನಿಗೂ ಒಂದು ಓಟೂ ಉಳಿಯಲಿಲ್ಲ. ಬೆಲ್ಕಿಸ್ ಓದಿದ್ದು ಒಂದೇ ಹೆಸರು.

ಸಂಜೆ ಮನೆಯ ಮೆಟ್ಟಿಲ ಮೇಲೆ ಬಟಾಣಿ ಕಾಫಿ ಕುಡಿಯುತ್ತಾ ನೊಯೇಲಿಯಾ ಕೇಳಿದಳು: "ನಿಜ ಹೇಳು ಮುದುಕ. ಚೆಂಡೋ ಪಾರಿವಾಳಾನೋ?"

ಪ್ರುದೆನ್ಸಿಯೊ ಪಕ್ಕದ ಮನೆಗೂ ಕೇಳಿಸದಷ್ಟು ಮೆಲ್ಲಗೆ ಬಾಯಿಬಿಟ್ಟ. ಅವನ ಬಾಳಿನಲ್ಲೇ ಅದು ಅಪರೂಪ.

"ಬೆಳಿಗ್ಗೆವರೆಗೂ ಪಾರಿವಾಳಾನೇ ಆಗಿತ್ತು," ಎಂದ. "ಅಪ್ಪ ಸಾಯೋವಾಗ ಕೈ ಹಿಡ್ಕೊಂಡು ಕೇಳ್ದ, ನಿಂತಿತ್ತು ಅಲ್ವೇನೋ ಮಗಾ ಅಂತ. ನಿಂತಿತ್ತಪ್ಪ ಅಂದೆ. ಸಾಯೋನಿಗೆ ಸುಳ್ಳು ಹೇಳ್ಬಿಟ್ಟೆ ಅಂತ ಇಷ್ಟು ವರ್ಷ ಕೊರಗಿದೀನಿ ಕಣೇ. ಈಗ ನೋಡಿದ್ರೆ ಇಡೀ ಊರೇ ನಿಂತಿತ್ತು ಅಂತಿದೆ. ಹಂಗಾದ್ರೆ ನಿಂತಿತ್ತೇನೋ."